ನಡುದಿಣ್ಣೆಗಿಂತ ಎತ್ತರ

ನನ್ನ ಅಕ್ಕನ ಗಂಡ, ಎಂದರೆ ನನ್ನ ಭಾವ, ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ವ್ಯಾನನ್ನು ಕೊಂಡುಕೊಂಡರು. ಅದನ್ನು ವ್ಯಾನು ಎನ್ನುವುದೂ ಔದಾರ್ಯದ ಮಾತೇ. ಎರಡು ಮೂರು ವಾಹನಗಳ ಅಳಿದುಳಿದ ಅಂಗಗಳನ್ನು ಯಾವುದೋ ಸೇನೆಯ ಕಾರ್ಖಾನೆಯಲ್ಲಿ ಅವಸರವಾಗಿ ಜೋಡಿಸಿದ್ದ ಗಾಡಿ ಅದು. ಮುಂದಿನ ಅಚ್ಚಿನ ಮೇಲೆ ಸುರುಳಿ ಸ್ಪ್ರಿಂಗುಗಳಿದ್ದವು. ಹಿಂದಿನ ಅಚ್ಚಿನ ಮೇಲೆ ಜಟಕಾಗಾಡಿಗೆ ಇರುವಂಥ ಪಟ್ಟಿ ಸ್ಪ್ರಿಂಗುಗಳಿದ್ದವು. ತಲೆಯ ಮೇಲೆ ಕಬ್ಬಿಣದ ಕಮಾನುಗಳು, ಅವುಗಳಿಗೆ ಬಿಗಿದ ಕ್ಯಾನ್‌ವಾಸು, ಒಳಗೆ ಎದುರುಬದುರಾಗಿ ಎರಡು ಉದ್ದನೆಯ ಬೆಂಚುಗಳು. ಚಾಮರಾಜಪೇಟೆಯ ತಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಲು ಸ್ಥಳವಿಲ್ಲದ ಕಾರಣ ಭಾವ ಅದನ್ನು ಬಸವನಗುಡಿಯ ನಮ್ಮ ವಠಾರದ ಎದುರಿನ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದರು. ಭಾನುವಾರ ಬೆಳಗಾದರೆ ಕಾಫಿ ಕುಡಿಯಲು ಬರುತ್ತೇನೆಂದು ಹೇಳಿಕೊಂಡು ಬರುವರು. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದೇ ಗಾಡಿಯ ಕೆಳಗೆ ನುಸುಳುವರು.

ಆಗ ನಾನು ಶಾಲೆಯ ಕೆಲಸವನ್ನು ಬಿಟ್ಟು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಆದರೂ ಭಾವನಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಬಾಯಲ್ಲೂ ನಾನು ಮೇಷ್ಟ್ರಾಗಿಯೇ ಉಳಿದಿದ್ದೆ.

ನನ್ನ ತಾಯಿಗೆ ಒಬ್ಬ ಅಕ್ಕ ಇದ್ದರು. ಮಾಗಡಿ ರಸ್ತೆಯಲ್ಲಿ ಬಹುದೂರ ಸಾಗಿ, ಬಸ್ಸು ನಿಲ್ಲುವಲ್ಲಿ ಇಳಿದು, ಎತ್ತಿನ ಗಾಡಿಯ ಜಾಡಿನಲ್ಲಿ ಮತ್ತೂ ಒಂದಿಷ್ಟು ಮೈಲಿ ಒಳಕ್ಕೆ ಹೋದರೆ ಆ ದೊಡ್ಡಮ್ಮನ ಊರು. ಅಕ್ಕತಂಗಿಯರಿಬ್ಬರಿಗೂ ಮದುವೆಯಾದಂದಿನಿಂದ ಗೌರಿಹಬ್ಬದ ಬಾಗಿನವನ್ನು ಅವರು ಒಬ್ಬರಿಗೊಬ್ಬರು ಕೊಟ್ಟುಕೊಂಡೇ ಬಂದಿದ್ದರು. ಬಾಗಿನವನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸುವ ಮಾತೇ ಇರಲಿಲ್ಲ. ಮೊರವನ್ನು ಸೆರಗಿನ ಕೆಳಗೆ ಹಿಡಿದು ಇವರು ಕೊಡಬೇಕು, ಸೆರಗನ್ನು ಒಡ್ಡಿ ಅವರು ತೆಗೆದುಕೊಳ್ಳಬೇಕು. ಹಾಗೆ ಕೈಯಿಂದ ಕೈಗೆ ಸಂದರೆ ಮಾತ್ರ ಅದು ಬಾಗಿನ, ಇಲ್ಲದಿದ್ದರೆ ಬರಿಯ ಅಕ್ಕಿಬೇಳೆ ಎಂಬುದು ತಾಯಿಯ ನಿಶ್ಚಿತವಾದ ಅಭಿಪ್ರಾಯವಾಗಿತ್ತು. ಹಿಂದಿನ ವರ್ಷ ಆಕೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಜಟಕಾ, ಎತ್ತಿನಗಾಡಿ ಯಾವುದನ್ನೂ ಇನ್ನು ಹತ್ತಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅತ್ತ ದೊಡ್ಡಮ್ಮನಿಗೆ ಎರಡು ಕಣ್ಣಿಗೂ ಪೊರೆ ಬಂದು ಹೊಸಿಲು ದಾಟುವುದೇ ಕಷ್ಟವಾಗಿತ್ತು. ಹೀಗೆ ಆ ವರ್ಷ ಮೊದಲ ಬಾರಿಗೆ ಬಾಗಿನ ತಪ್ಪಿತು. ತಾಯಿ ಅದರ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಮಾತಾಡುವ ಸ್ವಭಾವದವರು ಮಾತಾಡದೆ ಇದ್ದದ್ದೇ ನಮ್ಮನ್ನೆಲ್ಲ ಕಾಡಿತು.

ವ್ಯಾನು ಬಂದ ಬೇಸಗೆಯಲ್ಲಿ ಭಾವ ಹೇಳಿದರು: "ಅತ್ತೆ, ನಿಮ್ಮನ್ನ ನಾನು ಕರ್ಕೊಂಡ್ ಹೋಗ್ತೀನಿ. ಇದು ಬರ್ಮಾ ಕಾಡು ನೋಡ್ಕೊಂಡ್ ಬಂದಿರೋ ಗಾಡಿ. ಮಾಗಡಿ ಕಡೆ ಕಲ್ಲು ಇದಕ್ಕೆ ಯಾವ ಲೆಕ್ಕ?"

ಲೆಕ್ಕ ಬೇರೆಯಾಗಿಯೇ ಇತ್ತು. ದೊಡ್ಡಮ್ಮನ ಊರಿಗೆ ಹೋಗುವ ಜಾಡನ್ನು ತಲೆಮಾರುಗಳಿಂದ ಎತ್ತಿನಗಾಡಿಗಳು ಸವೆಸಿದ್ದವು. ಎರಡು ಕಡೆ ಚಕ್ರ ಹರಿದ ಆಳವಾದ ಗೀರುಗಳು, ಮಧ್ಯದಲ್ಲಿ ಕಲ್ಲು ತುಂಬಿದ, ಹುಲ್ಲು ಬೆಳೆದ ನಡುದಿಣ್ಣೆ. ಎತ್ತಿನಗಾಡಿಯ ಚಕ್ರಗಳು ದೊಡ್ಡವು, ಅದರ ಹೊಟ್ಟೆ ಎತ್ತರದಲ್ಲಿರುತ್ತದೆ. ನಮ್ಮ ವ್ಯಾನಿನ ಸ್ಪ್ರಿಂಗುಗಳೋ ಯುದ್ಧದಲ್ಲಿ ದುಡಿದು ಕುಗ್ಗಿ ಹೋಗಿದ್ದವು. ಅದರ ಹೊಟ್ಟೆ ನೆಲಕ್ಕೆ ತೀರ ಸಮೀಪವಾಗಿತ್ತು. ಆದರೂ ಒಂದು ದಿನ ತಾಯಿಯನ್ನು ಕೂರಿಸಿಕೊಂಡು ಭಾವನೂ ನಾನೂ ಹೊರಟೆವು. ಊರಿನ ಅರಳಿಮರ ಕಣ್ಣಿಗೆ ಬಿದ್ದಿತ್ತು. ತಾಯಿ ಆಗಲೇ ಸೆರಗನ್ನು ಸರಿಪಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಡಿಯಿಂದ ಬಂಡೆಯೊಂದು ಬಡಿದ ಸದ್ದಾಯಿತು. ಭಾವ ಕೆಳಗೆ ಇಳಿದು ನೋಡಿದರೆ ಎಂಜಿನ್ನಿನ ತಳದ ತೊಟ್ಟಿ ಬಿರಿದು ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಟ್ಟೆ ಸೋಪನ್ನು ನಾದಿ ಬಿರುಕಿಗೆ ಮೆತ್ತಿದರು. ಹಾಗೂ ಹೀಗೂ ಹಿಂದಕ್ಕೆ ಹೋಗಬಹುದು, ಮುಂದಕ್ಕೆ ಹೋಗುವಂತಿಲ್ಲ ಎಂದರು.

ತಾಯಿ ಅರಳಿಮರವನ್ನು ನೋಡುತ್ತ ಕುಳಿತಿದ್ದರು. ಅದೇ ಹೊತ್ತಿಗೆ ಆ ಊರಿಗೆ ಹೋಗುತ್ತಿದ್ದ ಗಾಡಿಯವನೊಬ್ಬ ನಮ್ಮನ್ನು ದಾಟಲಾರದೆ ನಿಂತ. ತಾಯಿ ಅವನನ್ನು ಕರೆದು, "ನೋಡಪ್ಪ, ದೊಡ್ಡಮನೆ ಅಜ್ಜೀಗೆ ಹೇಳು. ನಿನ್ ತಂಗಿ ಗೌರಿಹಬ್ಬದ ದಿನ ಬರ್ತಾಳೆ ಅಂತ ಹೇಳು. ಖಂಡಿತ ಬರ್ತಾಳೆ ಅನ್ನು," ಎಂದರು.

ಹಿಂದಿರುಗುವಾಗ ಭಾವ ನನ್ನ ಕಿವಿಯಲ್ಲಿ, "ಮೇಷ್ಟ್ರೇ, ಮಾತು ಕೊಟ್ಬಿಟ್ರಲ್ಲ," ಎಂದರು. ಕೊಟ್ಟವರು ತಾಯಿ, ಉಳಿಸಿಕೊಡಬೇಕಾದವರು ನಾವಿಬ್ಬರು. ಆ ವರ್ಷವೂ ತಪ್ಪಿದರೆ ಇನ್ನು ಮುಂದೆ ಆಕೆ ಬಾಯಿ ಬಿಟ್ಟು ಕೇಳುವುದೇ ಇಲ್ಲವೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಬಿರಿದ ತೊಟ್ಟಿಗೆ ಬೆಸುಗೆ ಹಾಕಿಸಿ, ಗಾಡಿಯನ್ನು ಎತ್ತರಿಸಬೇಕೆಂದು ತೀರ್ಮಾನವಾಯಿತು. ಎಷ್ಟು ಎತ್ತರಿಸಬೇಕೆಂಬುದನ್ನು ನಾನು ಅಳೆದು ಹೇಳುವುದೆಂದೂ ಆಯಿತು. ಖಾಲಿ ಗಾಡಿಯನ್ನು ಅಳೆಯುವುದರಲ್ಲಿ ಅರ್ಥವಿಲ್ಲ, ಜನ ಕುಳಿತಾಗ ಅದು ಎಷ್ಟು ತಗ್ಗುತ್ತದೆಂಬುದೇ ಮುಖ್ಯ ಎಂದು ನಾನು ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಆ ಭಾನುವಾರ ಅಡಿಕೋಲು ಹಿಡಿದು ಗಾಡಿಯ ಪಕ್ಕದಲ್ಲಿ ಅಂಗಾತ ಮಲಗಿದ್ದಾಗ ಎದುರುಮನೆಯ ಯಜಮಾನರು ಬಂದರು. ಅವರದು ಅಕ್ಕಿಪೇಟೆಯಲ್ಲಿ ಅಕ್ಕಿಯ ಮಂಡಿ. ಹಣೆಯ ತುಂಬ ವಿಭೂತಿ, ದೇಹವೂ ತುಂಬಿದ ಮೂಟೆಯಂತೆಯೇ.

"ಏನ್ ಮೇಷ್ಟ್ರೇ, ರಸ್ತೇಲಿ ಮಲಗ್ಬಿಟ್ಟಿದೀರಾ? ಮನೇಲಿ ಚಾಪೆ ಕೊಡ್ಲಿಲ್ವಾ?"

"ಗಾಡಿ ಅಳೀತಿದೀನಿ. ಭಾರ ಹಾಕಿ ಅಳೀಬೇಕು, ಏನು ಹಾಕೋದು ಅಂತ ಯೋಚನೆ."

"ಶಿವನೇ! ಭಾರ ಬೇಕು ಅಂದ್ರೆ ನನ್ನ ಕೇಳೋದಲ್ವಾ? ಮಂಡೀಲಿ ನನ್ನ ತಕ್ಕಡಿಗೆ ಹಾಕಿದ್ರೆ ಎದುರಿಗೆ ಇಡೋಕೆ ಕಲ್ಲು ಸಾಲಲ್ಲ." ಹಾಗೆಂದವರೇ ಪಂಚೆಯನ್ನು ಮೇಲೆತ್ತಿ ಕಟ್ಟಿ ಬೆಂಚಿನ ಮೇಲೆ ಕುಳಿತುಬಿಟ್ಟರು.

ಅದನ್ನು ಕಿಟಕಿಯಿಂದ ಕಂಡ ಅವರ ಹೆಂಡತಿ, "ಅವರೊಬ್ರೇ ಯಾಕೆ ಕೂರ್ಬೇಕು? ನಾನೂ ಬಂದೆ," ಎಂದು ಹೊರಟರು. ಆಕೆಯ ಹಿಂದೆ ನಮ್ಮ ವಠಾರದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಇಲ್ಲಿ ನಮ್ಮ ವಠಾರದ ಒಂದು ರೀತಿಯನ್ನು ಹೇಳಬೇಕು. ಅರಿಸಿನ ಕುಂಕುಮವಾಗಲಿ, ಅವರೆಕಾಳಿನ ಉಪ್ಪಿಟ್ಟಾಗಲಿ, ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವಂತಿರಲಿಲ್ಲ. ಬಿಟ್ಟರೆ ಕರೆಯಿಸಿಕೊಳ್ಳದವರ ಮನೆಯ ಬಾವಿಹಗ್ಗ ಕೂಡ ಮುಖ ತಿರುಗಿಸುತ್ತಿತ್ತು. ಹಾಗಾಗಿ ಗಾಡಿಯನ್ನು ಅಳೆಯುವ ಕೆಲಸವೂ ಒಂದು ಸಮಾರಂಭವಾಗಿ, ಬೆಂಚುಗಳೆರಡೂ ಕಿಕ್ಕಿರಿದು ತುಂಬಿದವು. ಕೊನೆಗೆ ಯಾರೋ ಕೋಡುಬಳೆಯ ಡಬ್ಬಿಯನ್ನೂ ತಂದರು. ನಾನು ಮಲಗಿದಲ್ಲೇ ಅಳತೆ ತೆಗೆದುಕೊಂಡೆ. ನಡುದಿಣ್ಣೆಯ ಎತ್ತರವನ್ನು ಭಾವ ಮೊದಲೇ ಅಳೆದು ತಂದಿದ್ದರು. ಎರಡನ್ನೂ ಕೂಡಿಸಿ ಕಳೆದು, ಇಷ್ಟು ಎತ್ತರ ಬೇಕೆಂದು ಹೇಳಿದೆ.

ಕಲಾಸಿಪಾಳ್ಯದಲ್ಲಿ ಭಾವನಿಗೆ ಪರಿಚಯವಿದ್ದ ಒಬ್ಬ ಮೇಸ್ತ್ರಿಯಿದ್ದ. ಹಳೆಯ ಗಾಡಿಗಳನ್ನು ಬಿಚ್ಚಿದ ಸಾಮಾನುಗಳ ರಾಶಿಯ ನಡುವೆ ಅವನ ಅಂಗಡಿ.

"ಗಾಡೀಲಿ ಎಷ್ಟು ಭಾರ ಹೋಗ್ತದೆ ಸ್ವಾಮಿ?" ಎಂದು ಅವನು ಕೇಳಿದ.

ಭಾವ ಅಂದು ಕುಳಿತವರನ್ನೆಲ್ಲ ಮನಸ್ಸಿನಲ್ಲೇ ತೂಗಿ ಒಂದು ಅಂದಾಜು ಹೇಳಿದರು.

"ಮದ್ವೆ ದಿಬ್ಬಣಾನಾ?"

"ನಮ್ಮ ವಠಾರ."

ಮೇಸ್ತ್ರಿ ರಾಶಿಯಿಂದ ಒಂದು ಜೊತೆ ಸುರುಳಿ ಸ್ಪ್ರಿಂಗನ್ನು ಎಳೆದು ಹಾಕಿದ. ಯಾವುದೋ ಭಾರಿ ಗಾಡಿಯವು. ತಂತಿ ನನ್ನ ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಅವುಗಳಿಂದಲೇ ಎತ್ತರ ಪೂರ್ತಿಯಾಗಿ ಬರದೆಂದು, ಸುರುಳಿಯ ತಲೆಯ ಮೇಲೆ ಕೂರಿಸಲು ಎರಡು ಕಬ್ಬಿಣದ ಬಳೆಗಳನ್ನು ಲೇತಿನಲ್ಲಿ ಕಡೆಸಿಕೊಟ್ಟ. ಹಿಂದಿನ ಪಟ್ಟಿ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಇಡಲು ಗಾಡಿಯ ಚಕ್ರ ಮಾಡುವ ಆಚಾರಿಯಿಂದ ಜಾಲಿಮರದ ಎರಡು ದಿಮ್ಮಿಗಳನ್ನು ಕೊರೆಸಿದೆವು. ಪಟ್ಟಿಗಳಿಗೂ ಒಂದೊಂದು ಹೊಸ ಪಟ್ಟಿ ಸೇರಿತು.

ಜೋಡಿಸುವ ಕೆಲಸ ಶ್ರಾವಣದ ಭಾನುವಾರಗಳನ್ನೆಲ್ಲ ನುಂಗಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ, ಚೌಕಟ್ಟಿನ ಕೆಳಗೆ ಮರದ ತೊಲೆಗಳನ್ನು ಅಡ್ಡಡ್ಡಲಾಗಿ ಪೇರಿಸಿದೆವು. ಬಿಗಿಯಾಗಿ ಕುಗ್ಗಿರುವ ಸುರುಳಿ ಸ್ಪ್ರಿಂಗು ಬಹಳ ಅಪಾಯದ ವಸ್ತು. ಅಜಾಗರೂಕತೆಯಿಂದ ಬಿಚ್ಚಿದರೆ ಅದು ಹಾರಿ ಎದೆಗೆ ಬಡಿಯುತ್ತದೆಂದು ಮೇಸ್ತ್ರಿ ಎಚ್ಚರಿಸಿದ್ದ. ಆದ್ದರಿಂದ ಅದನ್ನು ಸರಪಳಿಯಿಂದ ಚೌಕಟ್ಟಿಗೆ ಕಟ್ಟಿ, ಅಚ್ಚನ್ನು ಇನ್ನೊಂದು ಜಾಕಿಯ ಮೇಲೆ ಮೆಲ್ಲಮೆಲ್ಲನೆ ಇಳಿಸಿದೆವು. ಅಚ್ಚು ಇಳಿದಂತೆ ಸುರುಳಿ ಬಿಚ್ಚಿಕೊಳ್ಳುತ್ತ ಬಂದು, ಕಡೆಗೆ ಕೈಯಲ್ಲಿ ಅಲುಗಾಡಿಸುವಷ್ಟು ಸಡಿಲವಾಯಿತು. ಕಬ್ಬಿಣದ ಬಳೆಯನ್ನು ಸುರುಳಿ ಆನುವ ಮೇಲಿನ ಬಟ್ಟಲಿಗೆ ಕೂರಿಸಿ, ಹೊಸ ಸುರುಳಿಯನ್ನು ಅದರ ಕೆಳಗೆ ನಿಲ್ಲಿಸಿ, ಅದರ ತುದಿ ಕೆಳಗಿನ ಬಟ್ಟಲಿನ ಕಚ್ಚಿಗೆ ಸರಿಯಾಗಿ ಸೇರುವವರೆಗೆ ತಿರುಗಿಸಬೇಕು. ಭಾವ ಕೆಳಗಿನಿಂದ, "ಇನ್ ಸ್ವಲ್ಪ, ಇನ್ ಸ್ವಲ್ಪ, ಸಾಕು, ಅಯ್ಯೋ ಸಾಕು ಅಂದೆ ಮೇಷ್ಟ್ರೇ," ಎನ್ನುವರು. ನಾನು ಅವರು ಹೇಳಿದಷ್ಟನ್ನೇ ತಿರುಗಿಸುತ್ತಿದ್ದೆನೆಂದು ಈಗಲೂ ಹೇಳಬಲ್ಲೆ. ಬಿಗಿಯುವ ಬೋಲ್ಟುಗಳು ಉದ್ದ ಸಾಲದೆ ಕಮ್ಮಾರನಲ್ಲಿ ಬೇರೆ ಮಾಡಿಸಿದೆವು. ಬ್ರೇಕಿನ ಕೊಳವೆಯೂ ಗಿಡ್ಡವಾಯಿತು, ಅದನ್ನೂ ಬದಲಾಯಿಸಿದೆವು.

ತಾಯಿ ಜಗಲಿಯ ಮೇಲೆ ದಿಂಬಿಗೆ ಒರಗಿ ಕುಳಿತು ಎಲ್ಲವನ್ನೂ ನೋಡುವರು. "ಅಳಿಯಂದಿರು ಬೆನ್ನು ನೋವು ಮಾಡ್ಕೋತಾರೆ ಕಣೋ. ನೀನಾದ್ರೂ ಕೆಳಗೆ ಹೋಗಬಾರದೇ?" ಎಂದು ನನಗೆ ಹೇಳುವರು. ನನ್ನ ಬೆನ್ನಿನ ವಿಷಯವನ್ನು ಆಕೆ ಎತ್ತುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗಾಡಿಯನ್ನು ತೊಲೆಗಳ ಮೇಲಿನಿಂದ ಇಳಿಸಿದೆವು. ಅದು ಇಳಿದಂತೆಯೇ ಕಾಣಲಿಲ್ಲ. ಬೆದರಿದ ಕುದುರೆಯಂತೆ ಕಾಲು ನಿಗುರಿಸಿ ನಿಂತಿತ್ತು. ಭಾವನ ಮುಖ ಅರಳಿತು. ಇಬ್ಬರೂ ಕುಳಿತು ರಸ್ತೆಯ ತುದಿಯವರೆಗೆ ಒಂದು ಸುತ್ತು ಹೊರಟೆವು. ಮೊದಲನೆಯ ಹಳ್ಳದಲ್ಲಿ ಗಾಡಿ ಜಿಗಿಯಿತು. ಎರಡನೆಯದರಲ್ಲಿ ನಮ್ಮಿಬ್ಬರ ತಲೆಯೂ ಮೇಲಿನ ಕಮಾನಿಗೆ ತಾಗಿತು. ಆಮೇಲೆ ಹಳ್ಳವಿಲ್ಲದ ಕಡೆಯಲ್ಲೂ ಅದು ಅಭ್ಯಾಸಬಲದಿಂದ ಜಿಗಿಯತೊಡಗಿತು. ಬೀದಿಯ ನಾಯಿಯೊಂದು ಬೊಗಳಲು ಬಂದದ್ದು, ನೋಡಿ ಹಿಂದಕ್ಕೆ ಸರಿಯಿತು.

ತಾಯಿ ಜಗಲಿಯಿಂದ ಇದನ್ನೆಲ್ಲ ಕಂಡಿದ್ದರು. ನಾವು ಇಳಿದಾಗ ಮೊದಲು ನಗಲು ಪ್ರಯತ್ನಿಸಿದರು. "ಇದರಲ್ಲಿ ಹೋದ್ರೆ ಅಕ್ಕನ ಮನೆಗೆ ನಾನು ಒಬ್ಳೇ ಹೋಗಲ್ಲ ಕಣೋ. ನನ್ನ ಮೂಳೆಗಳು ಬೇರೆ ಬೇರೆ ಹೋಗ್ತವೆ," ಎಂದರು. ಆಮೇಲೆ ಮುಖವನ್ನು ಅತ್ತ ತಿರುಗಿಸಿದರು. ಒಳಗೆ ಜೋಡಿಸಿಟ್ಟ ಮೊರಗಳು ಬಾಗಿಲಿನಿಂದಲೇ ಕಾಣುತ್ತಿದ್ದವು.

ಭಾವ ನೆಲದ ಮೇಲೆ ಕುಳಿತುಬಿಟ್ಟರು. "ಮತ್ತೆ ಹಳೇ ಸ್ಪ್ರಿಂಗ್ ಹಾಕೋಕೆ ಟೈಮಿಲ್ಲ. ಹಾಕಿದ್ರೂ ಆ ದಿಣ್ಣೆ ಬಿಡಲ್ಲ," ಎಂದರು. ನಾನು ನನ್ನ ಲೆಕ್ಕವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಮಾಡಿ ನೋಡಿದೆ. ಅದರಲ್ಲಿ ತಪ್ಪು ಸಿಕ್ಕಲಿಲ್ಲ.

ಕಡೆಗೆ ತಾಯಿಯೇ ಕೇಳಿದರು: "ಅಲ್ಲಯ್ಯ, ಅವತ್ತು ಅಳತೆ ತಗೊಂಡಾಗ ಎಲ್ಲಾರೂ ಕೂತಿದ್ರಲ್ಲ?"

"ಹೌದು."

"ಆ ಭಾರಕ್ಕೆ ತಾನೇ ಈ ಸ್ಪ್ರಿಂಗು ತಂದದ್ದು?"

"ಹೌದಮ್ಮ."

"ಹಾಗಾದ್ರೆ ಅವರನ್ನೆಲ್ಲ ಕೂರಿಸ್ರೋ."

ಭಾವನೂ ನಾನೂ ಪರಸ್ಪರ ಮುಖ ನೋಡಿಕೊಂಡೆವು. ಮದುವೆಯ ದಿಬ್ಬಣಕ್ಕೆ ಹೊಂದುವ ಸ್ಪ್ರಿಂಗನ್ನು ಹಾಕಿ, ಮೂರು ಜನ ಕುಳಿತು ಹೋಗಲು ಹೊರಟಿದ್ದೆವು. ಅಳತೆಯ ದಿನ ಯಾರನ್ನೂ ಇಳಿಯಿರಿ ಎನ್ನಲಾರದೆ ಹೋದದ್ದರ ಫಲವಾಗಿ ಈಗ ಅವರೆಲ್ಲರನ್ನೂ ಏರಿ ಎಂದು ಕರೆಯಬೇಕಾಗಿತ್ತು.

ತಾಯಿ ಜಗಲಿಯಿಂದಲೇ ಎದುರುಮನೆಯಾಕೆಯನ್ನು ಕೂಗಿ ಕರೆದರು. "ನಾಳೆ ಪೂಜೆ ಮುಗಿಸ್ಕೊಂಡು ನಮ್ಮಕ್ಕನ ಮನೆಗೆ ಬರ್ತೀರಾ? ನೀವಿಬ್ರೂ ಬಂದ್ರೇ ಗಾಡಿ ಸರಿಯಾಗಿ ಓಡೋದಂತೆ."

"ಅಂದ್ರೆ ನಾವು ದಪ್ಪ ಇದೀವಿ ಅಂತ ಕರೀತಿದೀರಾ?"

"ಇಲ್ಲಮ್ಮ, ಪ್ರೀತಿಯಿಂದ ಕರೀತಿದೀನಿ. ದಪ್ಪ ಇರೋದು ನಮ್ಮ ಅದೃಷ್ಟ."

ಆಕೆ ನಕ್ಕ ನಗು ಬೀದಿಯ ಆ ಕೊನೆಗೆ ಕೇಳಿಸಿತು. ಸಂಜೆಯ ಹೊತ್ತಿಗೆ ವಠಾರದ ಪ್ರತಿಯೊಂದು ಮನೆಯಲ್ಲೂ ಹೊರಡುವ ಸಿದ್ಧತೆ ನಡೆದಿತ್ತು.

ಹಬ್ಬದ ಬೆಳಗಿನ ಪೂಜೆಗಳು ಮುಗಿದ ಮೇಲೆ ಇನ್ನೊಂದು ತೊಡಕು ಎದ್ದಿತು. ಗಾಡಿ ಈಗ ಎಷ್ಟು ಎತ್ತರವಾಗಿತ್ತೆಂದರೆ ತಾಯಿ ಕಾಲೆತ್ತಿ ಅದನ್ನು ಏರುವಂತಿರಲಿಲ್ಲ. ಭಾವ ಅದನ್ನು ಹಿಂದುಹಿಂದಕ್ಕೆ ತಂದು ನಮ್ಮ ಜಗಲಿಗೆ ತಾಗಿಸಿ ನಿಲ್ಲಿಸಿದರು. ಜಗಲಿಯ ಎತ್ತರವೂ ಗಾಡಿಯ ನೆಲವೂ ಸರಿಸಮವಾಗಿ, ತಾಯಿ ನಡುಮನೆಯಿಂದ ಅಡುಗೆಮನೆಗೆ ಹೋಗುವಂತೆ ನಡೆದುಹೋಗಿ ಬೆಂಚಿನ ಮೇಲೆ ಕುಳಿತರು. ಎದುರುಮನೆಯ ಯಜಮಾನರನ್ನು ಹಿಂದಿನ ಅಚ್ಚಿನ ನೇರಕ್ಕೆ ಕೂರಿಸಿದೆವು. ಉಬ್ಬಸದ ನನ್ನ ತಂದೆ ಮಾತ್ರ ಮನೆಯಲ್ಲಿ ಉಳಿದರು. "ಎಲ್ಲರೂ ಹೋದ್ರೆ ನಾಳೆ ಬರೋ ಗಣಪತಿಗೆ ಬಾಗಿಲು ತೆಗೆಯೋರು ಯಾರು?" ಎಂದು ಹೇಳಿ ನಮ್ಮನ್ನು ಕಳುಹಿಸಿಕೊಟ್ಟರು.

ತುಂಬಿದ ಗಾಡಿ ಬೇರೆಯೇ ಗಾಡಿಯಾಗಿತ್ತು. ಸ್ಪ್ರಿಂಗುಗಳು ಬೇಕಾದಷ್ಟೇ ಕುಗ್ಗಿ, ಹಳ್ಳ ಬಂದರೆ ತೊಟ್ಟಿಲಿನಂತೆ ಒಮ್ಮೆ ತೂಗಿ ಸುಮ್ಮನಾಗುತ್ತಿದ್ದವು. ತಾಯಿಯ ತೊಡೆಯ ಮೇಲಿದ್ದ ಮೊರಗಳಲ್ಲಿ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು, ಅಷ್ಟೇ.

ಮುಖ್ಯರಸ್ತೆಯನ್ನು ಬಿಟ್ಟು ಜಾಡಿಗೆ ತಿರುಗಿದೆವು. ಹಿಂದೆ ಬಂಡೆ ಬಡಿದಿದ್ದ ಸ್ಥಳ ಬಂದಾಗ ಭಾವ ಗಾಡಿಯನ್ನು ನಿಲ್ಲಿಸಿ, ಇಳಿದು, ಬಾಗಿ ನೋಡುತ್ತಿದ್ದರು. ಅದೇ ಸಮಯದಲ್ಲಿ ಹಿಂದೆ ಗಡಿಬಿಡಿ ಕೇಳಿಸಿತು. ಯಜಮಾನರು ಒಂದು ಕಾಲನ್ನು ಹೊರಗೆ ಹಾಕಿದ್ದರು. ಹೆಂಗಸರೆಲ್ಲ ಎದ್ದು ನಿಂತು ಸೀರೆಯನ್ನು ಸರಿಪಡಿಸಿಕೊಳ್ಳುತ್ತಿದ್ದರು. ಎತ್ತಿನಗಾಡಿಯಲ್ಲಿ ದಿಣ್ಣೆ ಬಂದಾಗ ಎತ್ತುಗಳ ಮೇಲೆ ಕರುಣೆಯಿಟ್ಟು ಎಲ್ಲರೂ ಇಳಿದು ನಡೆಯುವುದು ಹಿಂದಿನಿಂದ ಬಂದ ಸಂಪ್ರದಾಯ. ಯಾರೂ ಹೇಳದೆಯೇ ಇವರು ಅದನ್ನು ಪಾಲಿಸಲು ಹೊರಟಿದ್ದರು.

"ಇಳೀಬೇಡಿ! ಯಾರೂ ಇಳೀಬೇಡಿ!" ಎಂದು ಭಾವ ಕೂಗಿಕೊಂಡರು.

"ಅಲ್ಲಪ್ಪ, ಗಾಡಿಗೆ ಭಾರ ಆಗಲ್ವಾ? ನಾವು ನಡ್ಕೊಂಡ್ ಬರ್ತೀವಿ."

"ಸ್ವಾಮಿ, ಭಾರ ಆಗ್ಲಿ ಅಂತಾನೇ ನಿಮ್ಮನ್ನ ಕರ್ಕೊಂಡ್ ಬಂದಿದೀನಿ. ನೀವು ಇಳಿದ್ರೆ ನಮ್ಮತ್ತೆ ಹಾರಿಹೋಗ್ತಾರೆ!"

"ಹಂಗಾದ್ರೆ ಸರಿ. ಇಷ್ಟು ವರ್ಷದಲ್ಲಿ ಇಳೀಬೇಡ ಅಂತ ನನಗೆ ಹೇಳಿದ ಗಾಡಿ ಇದೊಂದೇ," ಎಂದು ಯಜಮಾನರು ಕಾಲನ್ನು ಒಳಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕುಳಿತರು.

ಭಾವ ಗಾಡಿಯನ್ನು ಅತಿ ನಿಧಾನವಾಗಿ ಬಿಟ್ಟರು. ನಾನು ಇಳಿದು ಪಕ್ಕದಲ್ಲಿ ಬಗ್ಗಿಕೊಂಡೇ ನಡೆಯುತ್ತಿದ್ದೆ. ನನ್ನೊಬ್ಬನ ತೂಕದಿಂದ ವ್ಯತ್ಯಾಸವೇನೂ ಆಗದೆಂದು ಎಲ್ಲರೂ ಒಪ್ಪಿದ್ದರು. ಬಂಡೆಯ ಮೇಲೆ ಬೆಳೆದಿದ್ದ ಹುಲ್ಲು ಗಾಡಿಯ ತಳಕ್ಕೆ ತಾಗಿ ಬಾಗಿತು. ಗಾಡಿ ಮುಂದಕ್ಕೆ ಹೋದ ಮೇಲೆ ಹುಲ್ಲು ನಿಧಾನವಾಗಿ ಎದ್ದು ನಿಂತಿತು. ಬಂಡೆ ತಾಗಲಿಲ್ಲ.

"ದಾಟಿತು," ಎಂದೆ. ಒಳಗಿನಿಂದ ತಾಯಿಯ ಧ್ವನಿ ಬಂತು: "ಏನು ದಾಟಿತು? ಬಂದೇ ಇಲ್ಲವಲ್ಲೋ ದಿಣ್ಣೆ." ಆಕೆಗೆ ಅದು ತಿಳಿಯಲೇ ಇಲ್ಲ.

ದೊಡ್ಡಮ್ಮನ ಮನೆಗೂ ಜಗಲಿಯಿತ್ತು. ಗಾಡಿಯನ್ನು ಅದಕ್ಕೆ ತಾಗಿಸಿದೆವು. ದೊಡ್ಡಮ್ಮ ಕಂಬವನ್ನು ಹಿಡಿದು ನಿಂತಿದ್ದರು. ಸದ್ದು ಬಂದ ಕಡೆಗೆ ಮುಖ ಮಾಡಿ, "ಬಂದ್ಯೇನೆ?" ಎಂದರು.

"ಬಂದೆ ಅಕ್ಕ."

"ಎಷ್ಟು ಜನಾನ ಕಟ್ಕೊಂಡ್ ಬಂದೆ? ಒಬ್ಳೇ ಬರಕ್ಕೆ ಭಯವೇನು?"

ಬಗ್ಗಿ ಕಾಲು ಮುಟ್ಟಲು ತಾಯಿಯ ಬೆನ್ನು ಬಿಡಲಿಲ್ಲ. ಬೇಡವೆಂದು ದೊಡ್ಡಮ್ಮ ಕೈಯಿಂದ ತಡವಿ ತಂಗಿಯ ಭುಜವನ್ನು ಹಿಡಿದುಕೊಂಡರು. ದೊಡ್ಡಮ್ಮನ ಸೊಸೆಯರು ಇಬ್ಬರನ್ನೂ ಎದುರೆದುರಾಗಿ ಮಣೆಗಳ ಮೇಲೆ ಕೂರಿಸಿದರು. ತಾಯಿ ಮೊರವನ್ನು ಸೆರಗಿನ ಕೆಳಗೆ ಹಿಡಿದು ಮುಂದೆ ಚಾಚಿದರು, ದೊಡ್ಡಮ್ಮ ಸೆರಗೊಡ್ಡಿದರು. ಕೈಗಳು ಸೇರಿದ ಮೇಲೂ ಇಬ್ಬರೂ ಮೊರವನ್ನು ಕೂಡಲೇ ಬಿಡಲಿಲ್ಲ. ಭಾವ ಗಾಡಿಯ ಬೋಲ್ಟುಗಳನ್ನು ನೋಡಿ ಬರುತ್ತೇನೆಂದು ಹೊರಗೆ ಹೋದರು.

ಆಮೇಲೆ ದೊಡ್ಡಮ್ಮ ತಮ್ಮ ಬಾಗಿನವನ್ನು ಕೊಟ್ಟರು. ಕೊಟ್ಟು, ಸೊಸೆಯನ್ನು ಕರೆದು, "ಇನ್ನೊಂದು ತಾ," ಎಂದರು. ಬಂದದ್ದು ಬಣ್ಣ ಮಾಸಿದ, ಅರಿಸಿನ ಒಣಗಿ ಉದುರಿದ ಇನ್ನೊಂದು ಜೊತೆ ಮೊರ. ಅದನ್ನೂ ಅದೇ ಕ್ರಮದಲ್ಲಿ ಸೆರಗಿನ ಕೆಳಗೆ ಹಿಡಿದು ಕೊಟ್ಟರು. ತಾಯಿ ಮೇಲಿನ ಮೊರವನ್ನು ಸರಿಸಿ ಒಳಗೆ ನೋಡಿದರು.

"ಅಕ್ಕ, ಬೇಳೇಲಿ ಹುಳ ಇದೆ."

"ಇರ್ದೆ ಇರತ್ಯೇ? ಹೋದ ವರ್ಷದ್ದು ಕಣೆ. ನೀನು ಬರ್ಲಿಲ್ಲ, ಹುಳ ಬಂತು."

ಬೇರೆ ಹಾಕುತ್ತೇವೆಂದು ಸೊಸೆಯರು ಎಷ್ಟು ಹೇಳಿದರೂ ದೊಡ್ಡಮ್ಮ ಕೇಳಲಿಲ್ಲವಂತೆ. ಪೂಜೆಯಲ್ಲಿಟ್ಟದ್ದು, ಅವಳದೇ, ಅವಳು ಬಂದು ತೆಗೆದುಕೊಂಡುಹೋಗಲಿ ಎಂದು ವರ್ಷವಿಡೀ ಗೋಡೆಯ ನಾಗಂದಿಗೆಯ ಮೇಲೆ ಇರಿಸಿದ್ದರಂತೆ.

"ಇಷ್ಟು ಬೇಳೇನ ಹುಳಕ್ಕೆ ಹಾಕಿದ್ಯಲ್ಲ, ಬಿಸಿಲಿಗಾದ್ರೂ ಇಡಬಾರದಾಗಿತ್ತೇ?" ಎಂದು ತಾಯಿ ಗದರಿದರು. ಗದರುತ್ತಲೇ ಕಾಲನ್ನು ಮೆಲ್ಲಗೆ ನೀಡಿಕೊಂಡರು. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಳ ಆರಿಸತೊಡಗಿದರು.

"ಕೊಡಿಲ್ಲಿ, ನಿನಗೆ ಕೇರೋಕೆ ಎಂದೂ ಬರಲಿಲ್ಲ," ಎಂದು ದೊಡ್ಡಮ್ಮ ಮೊರವನ್ನು ಕಿತ್ತುಕೊಂಡರು. ಕಣ್ಣು ಕಾಣದಿದ್ದರೂ ಕೈಗೆ ಲಯ ತಪ್ಪಿರಲಿಲ್ಲ. ಅವರು ಕೇರುತ್ತಿದ್ದರೆ, ಮೊರದ ತುದಿಗೆ ಬಂದದ್ದನ್ನು ತಾಯಿ ಬೆರಳಿನಿಂದ ತೆಗೆಯುತ್ತಿದ್ದರು. ಎದುರುಮನೆಯಾಕೆಯೂ ವಠಾರದ ಹೆಂಗಸರೂ ಸುತ್ತ ಕುಳಿತು, ಆ ಬಾಗಿನದ ಮಿಕ್ಕ ಕಾಳುಗಳನ್ನು ತಮ್ಮ ತಮ್ಮ ಮುಂದಕ್ಕೆ ಎಳೆದುಕೊಂಡರು.